ಅಳಿಸಿದವರು ಯಾರೆಂದು ಕೇಳುವ ಹಕ್ಕು

2023ರ ಜೂನ್ 30ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು ಟ್ವಿಟರ್ ಕಂಪನಿಯ ಅರ್ಜಿಯನ್ನು ವಜಾ ಮಾಡಿ, ಅದರ ಮೇಲೆ 50 ಲಕ್ಷ ರೂಪಾಯಿ ದಂಡ ಹಾಕಿದರು. 2021ರ ಫೆಬ್ರವರಿಯಿಂದ ಒಂದು ವರ್ಷದ ಅವಧಿಯಲ್ಲಿ ಕೇಂದ್ರ ಸರ್ಕಾರ ಸಾವಿರಕ್ಕೂ ಹೆಚ್ಚು ಖಾತೆಗಳನ್ನು ತಡೆಯುವಂತೆ ಆ ಕಂಪನಿಗೆ ಆದೇಶಿಸಿತ್ತು. ಅವುಗಳ ಪೈಕಿ 39ರ ಬಗ್ಗೆ ಮಾತ್ರ ಕಂಪನಿ ತಕರಾರು ಎತ್ತಿತ್ತು. ಪತ್ರಿಕೆಗಳು ಇದನ್ನು ಸರ್ಕಾರಕ್ಕೂ ಒಂದು ವಿದೇಶಿ ಕಂಪನಿಗೂ ನಡೆದ ಜಗಳವೆಂದೇ ಬರೆದವು. ಸಂವಿಧಾನದ 19ನೇ ವಿಧಿ ಕೊಡುವ ವಾಕ್ ಸ್ವಾತಂತ್ರ್ಯ ಭಾರತದ ಪ್ರಜೆಗಳಿಗೆ ಮೀಸಲು, ವಿದೇಶಿ ಕಂಪನಿ ಅದನ್ನು ಕೇಳುವಂತಿಲ್ಲ ಎಂದು ಕೋರ್ಟು ಹೇಳಿತು. ಆ ಮಾತನ್ನು ಒಪ್ಪಿಕೊಂಡರೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಖಾತೆಗಳಲ್ಲಿ ಬರೆಯುತ್ತಿದ್ದವರು ಭಾರತದ ಪ್ರಜೆಗಳೇ ಆಗಿದ್ದರೆ, ಅವರಿಗೆ ಏನು ದಾರಿ? ತಡೆಯ ಆದೇಶ ಅವರ ಕೈಗೆ ಬರುವುದಿಲ್ಲ. ಕಾರಣವನ್ನೂ ಯಾರೂ ಹೇಳುವುದಿಲ್ಲ. ಕಾನೂನಿನ ಬೇಡಿಕೆಯ ಮೇರೆಗೆ ಭಾರತದಲ್ಲಿ ಈ ಖಾತೆಯನ್ನು ತಡೆಹಿಡಿಯಲಾಗಿದೆ ಎಂಬ ಒಂದು ಸಾಲು ಪರದೆಯ ಮೇಲೆ ಕಾಣುತ್ತದೆ, ಅಷ್ಟೆ. ಆದೇಶವನ್ನೇ ನೋಡದವರು ಯಾವುದನ್ನು ಪ್ರಶ್ನಿಸಿ ಕೋರ್ಟಿಗೆ ಹೋಗಬೇಕು?

ಅಂತರ್ಜಾಲದಲ್ಲಿ ಮಾತಾಡುವ ಸ್ವಾತಂತ್ರ್ಯಕ್ಕೆ ರಾಜಕಾರಣದಿಂದ ಬಂದಿರುವ ಅಪಾಯಗಳು ಹಲವು. ಬರಹ ತೆಗೆಸುವುದು, ಬರೆದವರನ್ನು ಬಂಧಿಸುವುದು, ಇಡೀ ಜಿಲ್ಲೆಯ ಇಂಟರ್‌ನೆಟ್ ಕಡಿತ ಮಾಡುವುದು, ಫೋನಿನೊಳಗೆ ಇಣುಕುವುದು, ಹೀಗೆ ಪಟ್ಟಿ ಬೆಳೆಯುತ್ತದೆ. ಇವೆಲ್ಲದರ ಬೇರು ಗುಟ್ಟಿನಲ್ಲಿದೆ ಎಂಬುದು ನನ್ನ ಅಭಿಪ್ರಾಯ. ತುರ್ತು ಪರಿಸ್ಥಿತಿಯ ಸೆನ್ಸಾರ್‌ಶಿಪ್ಪನ್ನು ವಿರೋಧಿಸಿ 1975ರ ಜೂನ್ 28ರಂದು ‘ಇಂಡಿಯನ್ ಎಕ್ಸ್‌ಪ್ರೆಸ್’ ತನ್ನ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚು ಹಾಕಿತು. ಏನನ್ನೋ ತಡೆದಿದ್ದಾರೆ ಎಂದು ಓದುಗರಿಗೆ ಆ ಖಾಲಿ ಜಾಗವೇ ಹೇಳುತ್ತಿತ್ತು. ಇಂದು ಒಂದು ಬರಹ ಮಾಯವಾದರೆ ಅದರ ಜಾಗದಲ್ಲಿ ಆ ಕ್ಷಣವೇ ಮತ್ತೊಂದು ಬಂದು ಕೂರುತ್ತದೆ. ಓದುಗರಿಗೆ ಕೊರತೆಯೇ ಕಾಣಿಸುವುದಿಲ್ಲ.

ಈ ಕಥೆಯನ್ನು 2008ರಿಂದ ಶುರು ಮಾಡಬೇಕು. ಮುಂಬೈ ದಾಳಿಯಾದ ಮರುತಿಂಗಳು, ಡಿಸೆಂಬರಿನಲ್ಲಿ, ಸಂಸತ್ತು ಮಾಹಿತಿ ತಂತ್ರಜ್ಞಾನ ಕಾಯ್ದೆಗೆ ಚರ್ಚೆಯೇ ಇಲ್ಲದೆ ತಿದ್ದುಪಡಿ ತಂದಿತು. ಆಗ ಅಧಿಕಾರದಲ್ಲಿದ್ದದ್ದು ಯುಪಿಎ. ಆ ತಿದ್ದುಪಡಿಯಿಂದ ಹುಟ್ಟಿದ 66ಎ ಸೆಕ್ಷನ್, ‘ಕಿರಿಕಿರಿ’ ಅಥವಾ ‘ಅನನುಕೂಲ’ ಉಂಟುಮಾಡುವ ಸಂದೇಶ ಕಳಿಸಿದವರಿಗೂ ಮೂರು ವರ್ಷದವರೆಗೆ ಜೈಲು ಎಂದಿತು. ಕಿರಿಕಿರಿ ಯಾರಿಗಾಗಬೇಕು, ಎಷ್ಟಾಗಬೇಕು ಎಂಬುದನ್ನು ಪೊಲೀಸ್ ಠಾಣೆಯೇ ತೀರ್ಮಾನಿಸುವಂತಾಯಿತು. 2012ರ ಏಪ್ರಿಲಿನಲ್ಲಿ ಮಮತಾ ಬ್ಯಾನರ್ಜಿಯವರ ಬಗೆಗಿನ ವ್ಯಂಗ್ಯಚಿತ್ರವೊಂದನ್ನು ಮಿಂಚಂಚೆಯಲ್ಲಿ ಮುಂದಕ್ಕೆ ಕಳಿಸಿದ್ದಕ್ಕೆ ಜಾದವ್‌ಪುರ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಂಬಿಕೇಶ್ ಮಹಾಪಾತ್ರರ ಬಂಧನವಾಯಿತು. ಅದೇ ವರ್ಷದ ನವೆಂಬರಿನಲ್ಲಿ ಬಾಳ ಠಾಕ್ರೆಯವರು ತೀರಿಕೊಂಡಾಗ ಮುಂಬೈ ಯಾಕೆ ಬಂದ್ ಆಗಬೇಕು ಎಂದು ಪಾಲ್ಘರ್‌ನ ಯುವತಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ಕೇಳಿದಳು. ಅದಕ್ಕೆ ಅವಳ ಗೆಳತಿ ಲೈಕ್ ಒತ್ತಿದ್ದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು.

ಶ್ರೇಯಾ ಸಿಂಘಲ್ ಎಂಬ ಯುವತಿ ಸುಪ್ರೀಂ ಕೋರ್ಟಿಗೆ ಹೋದದ್ದು ಈ ಬಂಧನದ ನಂತರ. 2015ರ ಮಾರ್ಚ್ 24ರಂದು ನ್ಯಾಯಮೂರ್ತಿಗಳಾದ ಚಲಮೇಶ್ವರ್ ಮತ್ತು ನಾರಿಮನ್ ಅವರ ಪೀಠ 66ಎಯನ್ನು ಪೂರ್ತಿಯಾಗಿ ರದ್ದುಪಡಿಸಿತು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆರು ವರ್ಷಗಳ ನಂತರವೂ 11 ರಾಜ್ಯಗಳ ಕೋರ್ಟುಗಳಲ್ಲಿ ಅದೇ ಸೆಕ್ಷನ್ನಿನ 745 ಕೇಸುಗಳು ನಡೆಯುತ್ತಿವೆ ಎಂಬ ಲೆಕ್ಕ ಸುಪ್ರೀಂ ಕೋರ್ಟಿನ ಮುಂದೆ ಬಂತು. ಸತ್ತ ಕಾನೂನಿನಡಿ ಪೊಲೀಸರು ಎಫ್‌ಐಆರ್ ಬರೆಯುತ್ತಲೇ ಇದ್ದರು. ಇನ್ನು ಮುಂದೆ ಯಾರ ಮೇಲೂ ಈ ಕೇಸು ನಡೆಸಕೂಡದು ಎಂದು 2022ರ ಅಕ್ಟೋಬರಿನಲ್ಲಿ ಕೋರ್ಟು ಮತ್ತೊಮ್ಮೆ ಹೇಳಬೇಕಾಯಿತು. ಮಹಾಪಾತ್ರರು ಆರೋಪಮುಕ್ತರಾದದ್ದು 2023ರ ಜನವರಿಯಲ್ಲಿ. ಒಂದು ವ್ಯಂಗ್ಯಚಿತ್ರಕ್ಕಾಗಿ ಅವರು ಹತ್ತು ವರ್ಷಕ್ಕೂ ಮೇಲೆ ಕೋರ್ಟಿಗೆ ಅಲೆದರು.

66ಎ ರದ್ದಾದ ಸಂಭ್ರಮದಲ್ಲಿ ಅದೇ ತೀರ್ಪಿನ ಇನ್ನೊಂದು ಭಾಗದ ಕಡೆಗೆ ನಾವು ಹೆಚ್ಚು ಗಮನ ಕೊಡಲಿಲ್ಲ. ಬರಹ, ಖಾತೆ, ಜಾಲತಾಣಗಳನ್ನು ತಡೆಯುವ ಅಧಿಕಾರವನ್ನು ಕೇಂದ್ರಕ್ಕೆ ಕೊಡುವ 69ಎ ಸೆಕ್ಷನ್ನನ್ನು ಕೋರ್ಟು ಎತ್ತಿಹಿಡಿಯಿತು. ಆದೇಶಕ್ಕೆ ಲಿಖಿತ ಕಾರಣ ಇರುತ್ತದೆ, ಬರೆದವರಿಗೆ ಅಥವಾ ಕಂಪನಿಗೆ ನೋಟಿಸು ಹೋಗುತ್ತದೆ, ಅವರ ಮಾತನ್ನು ಸಮಿತಿಯೊಂದು ಕೇಳುತ್ತದೆ, ಹಾಗಾಗಿ ಕಾವಲು ಸಾಕಷ್ಟಿದೆ ಎಂಬುದು ಅದರ ನಂಬಿಕೆ. ಆಚರಣೆ ಬೇರೆಯೇ ಆಯಿತು. 2009ರ ನಿಯಮಗಳಲ್ಲಿ 16ನೆಯದು ಇಡೀ ವ್ಯವಹಾರವನ್ನು ಗೋಪ್ಯವಾಗಿಡಬೇಕು ಎನ್ನುತ್ತದೆ. 9ನೇ ನಿಯಮದ ಪ್ರಕಾರ ತುರ್ತು ಎಂದು ಬರೆದರೆ ಮೊದಲು ತಡೆದು ಆಮೇಲೆ ವಿಚಾರಿಸಬಹುದು. 2014ರಲ್ಲಿ 471 ತಡೆ ಆದೇಶಗಳು ಹೊರಟಿದ್ದವು, 2020ರಲ್ಲಿ ಅವು 9,849ಕ್ಕೆ ಏರಿದವು. ಸರ್ಕಾರವೇ ಸಂಸತ್ತಿನಲ್ಲಿ ಕೊಟ್ಟ ಸಂಖ್ಯೆ ಇದು. ಆದೇಶಗಳಲ್ಲಿ ಏನಿದೆ ಎಂಬುದನ್ನು ಮಾತ್ರ ಸಂಸತ್ತಿಗೂ ಹೇಳುವುದಿಲ್ಲ.

ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಪ್ರಕರಣವನ್ನು ಹತ್ತಿರದಿಂದ ನೋಡಬಹುದು. ಪತ್ರಕರ್ತ ತನುಲ್ ಠಾಕುರ್ ವರದಕ್ಷಿಣೆಯನ್ನು ಲೇವಡಿ ಮಾಡಲೆಂದು ಒಂದು ಜಾಲತಾಣ ಮಾಡಿದ್ದರು. ವರನ ಓದು, ಕೆಲಸ, ಸಂಬಳ ತುಂಬಿದರೆ ಅವನಿಗೆ ಎಷ್ಟು ವರದಕ್ಷಿಣೆ ‘ಸಲ್ಲಬೇಕು’ ಎಂದು ಅದು ಲೆಕ್ಕ ಹಾಕಿ ತೋರಿಸುತ್ತಿತ್ತು. ಓದಿದವರಿಗೆ ವ್ಯಂಗ್ಯವೆಂದು ಕೂಡಲೇ ತಿಳಿಯುವಂಥದ್ದು. ಅದು ವರದಕ್ಷಿಣೆಯ ಪ್ರಚಾರವೆಂದು ಬಗೆದು 2018ರಲ್ಲಿ ಸರ್ಕಾರ ತಡೆಯಿತು. ಮಾಡಿದವರಿಗೆ ನೋಟಿಸು ಹೋಗಲಿಲ್ಲ. ಆದೇಶದ ಪ್ರತಿ ಕೇಳಿದರೆ ಗೋಪ್ಯ ಎಂಬ ಉತ್ತರ ಬಂತು. ಕೊನೆಗೆ 2022ರಲ್ಲಿ ದೆಹಲಿ ಹೈಕೋರ್ಟು ಆದೇಶದ ಪ್ರತಿ ಕೊಡಿ, ಅವರ ಮಾತನ್ನೂ ಕೇಳಿ ಎಂದಿತು. ತನ್ನ ಜಾಲತಾಣ ಯಾಕೆ ಹೋಯಿತು ಎಂದು ತಿಳಿಯಲು ಒಬ್ಬ ಪ್ರಜೆ ನಾಲ್ಕು ವರ್ಷ ಕಾಯಬೇಕಾದರೆ, ಸುಪ್ರೀಂ ಕೋರ್ಟು ನಂಬಿದ್ದ ಕಾವಲು ಎಲ್ಲಿದೆ?

ಈಗ ಅಷ್ಟು ಕಾವಲೂ ಬೇಡದ ಇನ್ನೊಂದು ದಾರಿ ತೆರೆದಿದೆ. ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ ನಡೆಸುವ ‘ಸಹಯೋಗ್’ ಪೋರ್ಟಲ್ 2024ರ ಅಕ್ಟೋಬರಿನಲ್ಲಿ ಶುರುವಾಯಿತು. ಕಾಯ್ದೆಯ 79(3)(ಬಿ) ಅಡಿಯಲ್ಲಿ ಕೇಂದ್ರದ ನಾನಾ ಇಲಾಖೆಗಳು, ರಾಜ್ಯಗಳ ಪೊಲೀಸರು ಇದರ ಮೂಲಕ ನೇರವಾಗಿ ಕಂಪನಿಗಳಿಗೆ ‘ಇದನ್ನು ತೆಗೆಯಿರಿ’ ಎಂದು ಸೂಚಿಸಬಹುದು. ತೆಗೆಯದಿದ್ದರೆ ಕಂಪನಿಗೆ ಕಾನೂನಿನ ರಕ್ಷಣೆ ತಪ್ಪುವ ಭಯ. 69ಎಯಲ್ಲಿರುವ ಸಮಿತಿ, ವಿಚಾರಣೆ ಇಲ್ಲಿಲ್ಲ. ಎಕ್ಸ್ ಎಂದು ಹೆಸರು ಬದಲಿಸಿಕೊಂಡಿದ್ದ ಟ್ವಿಟರ್ ಕಂಪನಿ ಇದನ್ನೂ ಕರ್ನಾಟಕ ಹೈಕೋರ್ಟಿನಲ್ಲೇ ಪ್ರಶ್ನಿಸಿತು. 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಅರ್ಜಿಯನ್ನು ವಜಾ ಮಾಡಿದರು. ಸಾಮಾಜಿಕ ಜಾಲತಾಣಗಳನ್ನು ಅಂಕೆಯಿಲ್ಲದೆ ಬಿಡಲಾಗದು ಎಂಬುದು ತೀರ್ಪಿನ ಧಾಟಿ. ಹೆಣ್ಣುಮಕ್ಕಳ ಮೇಲೆ ಆನ್‌ಲೈನಿನಲ್ಲಿ ನಡೆಯುವ ದೌರ್ಜನ್ಯವನ್ನು ನೋಡಿದ ಯಾರಿಗೂ ಆ ಕಳಕಳಿ ಅರ್ಥವಾಗುತ್ತದೆ. ಆದರೆ ಅಂಕೆ ಇರಬೇಕು ಎನ್ನುವುದು ಒಂದು ಮಾತು, ಅಂಕೆ ಹಾಕುವವರ ಮೇಲೆ ಅಂಕೆ ಬೇಡ ಎನ್ನುವುದು ಬೇರೆಯೇ ಮಾತು. ತೀರ್ಪಿನ ಮರುತಿಂಗಳು ಕೇಂದ್ರವೇ ನಿಯಮ ತಿದ್ದಿ, ಜಂಟಿ ಕಾರ್ಯದರ್ಶಿ ಅಥವಾ ಡಿಐಜಿ ದರ್ಜೆಗಿಂತ ಕೆಳಗಿನ ಅಧಿಕಾರಿಗಳು ಇಂಥ ಸೂಚನೆ ಕೊಡುವಂತಿಲ್ಲ, ಕಾರಣ ಬರೆಯಬೇಕು ಎಂದಿತು. ಒಳ್ಳೆಯದೇ. ಆದರೂ ತೆಗೆಸಿದ ಬರಹದ ಲೇಖಕರಿಗೆ ಆ ಕಾರಣ ತಲುಪುವ ವ್ಯವಸ್ಥೆ ಆಗಲಿಲ್ಲ.

ಸುಳ್ಳು ಸುದ್ದಿ ಕೊಲ್ಲುತ್ತದೆ ಎಂಬುದನ್ನು ಕರ್ನಾಟಕದವರಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿ ಗುಂಪೊಂದು ಹೈದರಾಬಾದಿನ ಯುವಕನನ್ನು ಹೊಡೆದು ಕೊಂದಿತು. ಅದಕ್ಕೂ ಮೊದಲು, 2012ರ ಆಗಸ್ಟಿನಲ್ಲಿ, ಅಸ್ಸಾಮಿನ ಹಿಂಸಾಚಾರಕ್ಕೆ ಪ್ರತೀಕಾರವಾಗಿ ಇಲ್ಲಿಯೂ ದಾಳಿಯಾಗಲಿದೆ ಎಂಬ ಎಸ್‌ಎಂಎಸ್‌ಗಳು ಹರಿದಾಡಿ, ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ, ಹೋಟೆಲಿಗೆ, ಓದಿಗೆ ಬಂದಿದ್ದ ಈಶಾನ್ಯದ ಸಾವಿರಾರು ಜನ ಚೀಲ ಹೊತ್ತು ಸಿಟಿ ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಕೇಂದ್ರ ಸರ್ಕಾರ ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ಮಿತಿ ಹಾಕಿತು, ಮುನ್ನೂರರಷ್ಟು ಪುಟ, ಖಾತೆ, ವಿಡಿಯೊಗಳನ್ನು ತಡೆಯಿತು. ಆ ಗಳಿಗೆಯಲ್ಲಿ ಏನಾದರೂ ಮಾಡಲೇಬೇಕಿತ್ತು ಎಂದು ನಾನೂ ಒಪ್ಪುತ್ತೇನೆ. ಆದರೆ ಆ ತಡೆಪಟ್ಟಿ ಹೊರಬಿದ್ದಾಗ ಬೆಂಗಳೂರಿನದೇ ಆದ ಸೆಂಟರ್ ಫಾರ್ ಇಂಟರ್‌ನೆಟ್ ಆ್ಯಂಡ್ ಸೊಸೈಟಿ ಅದನ್ನು ಸಾಲುಸಾಲಾಗಿ ಪರಿಶೀಲಿಸಿತು. ವದಂತಿ ಸುಳ್ಳೆಂದು ಸಾಬೀತು ಮಾಡುತ್ತಿದ್ದ ಬರಹಗಳೂ ಪಟ್ಟಿಯಲ್ಲಿದ್ದವು! ಪಟ್ಟಿ ಸೋರಿಕೆಯಾಗದಿದ್ದರೆ ಈ ತಪ್ಪು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಗೌರಿ ಲಂಕೇಶ್ ತಮ್ಮ ಪತ್ರಿಕೆಯ ‘ಕಂಡಹಾಗೆ’ ಅಂಕಣದಲ್ಲಿ ಕೊನೆಯದಾಗಿ ಬರೆದದ್ದು ಸುಳ್ಳು ಸುದ್ದಿಯ ಕಾರ್ಖಾನೆಗಳ ಬಗ್ಗೆ. 2017ರ ಸೆಪ್ಟೆಂಬರ್ 5ರಂದು ಅವರನ್ನು ಮನೆಯ ಮುಂದೆ ಗುಂಡಿಕ್ಕಿ ಕೊಂದರು. ಆ ರಾತ್ರಿಯೇ ಟ್ವಿಟರ್‌ನಲ್ಲಿ ಸಾವನ್ನು ಸಂಭ್ರಮಿಸಿದವರಿದ್ದರು. ಹಾಗಾಗಿ ಜಾಲತಾಣಗಳಲ್ಲಿ ಎಲ್ಲವೂ ಸ್ವಾತಂತ್ರ್ಯವೇ ಎಂದು ನಾನು ವಾದಿಸುತ್ತಿಲ್ಲ. ಕೊಲೆಗೆ ಕರೆ ಕೊಡುವವರನ್ನು, ಬೆದರಿಸುವವರನ್ನು ಶಿಕ್ಷಿಸಲು ಕಾನೂನು ಇರಲೇಬೇಕು, ಇದೆ ಕೂಡ. ಸತ್ಯ ಯಾವುದು ಎಂದು ತೀರ್ಮಾನಿಸುವ ಅಧಿಕಾರವನ್ನು ಸರ್ಕಾರ ತನ್ನ ಬಳಿ ಇಟ್ಟುಕೊಳ್ಳಲು ಹೊರಟಾಗ ಮಾತ್ರ ಎಚ್ಚರಾಗಬೇಕು. ಕೇಂದ್ರ ಸರ್ಕಾರ 2023ರ ಏಪ್ರಿಲಿನಲ್ಲಿ ಅದನ್ನೇ ಮಾಡಿತು. ತನ್ನ ವ್ಯವಹಾರಗಳ ಬಗ್ಗೆ ಬರುವ ಸುದ್ದಿ ನಿಜವೋ ಸುಳ್ಳೋ ಎಂದು ತಾನೇ ನೇಮಿಸಿದ ಘಟಕ ಹೇಳುತ್ತದೆ ಎಂದು ನಿಯಮ ತಂದಿತು. ಹಾಸ್ಯಗಾರ ಕುನಾಲ್ ಕಾಮ್ರಾ ಮತ್ತಿತರರು ಬಾಂಬೆ ಹೈಕೋರ್ಟಿಗೆ ಹೋದರು. ಇಬ್ಬರು ನ್ಯಾಯಮೂರ್ತಿಗಳ ಅಭಿಪ್ರಾಯ ಭಿನ್ನವಾಗಿ, ಮೂರನೆಯವರಾದ ನ್ಯಾಯಮೂರ್ತಿ ಚಂದೂರ್ಕರ್ ಅವರು 2024ರ ಸೆಪ್ಟೆಂಬರಿನಲ್ಲಿ ಆ ನಿಯಮ ಸಂವಿಧಾನಬಾಹಿರ ಎಂದರು.

ದೆಹಲಿಯಲ್ಲಿ ಆ ನಿಯಮವನ್ನು ವಿರೋಧಿಸಿದ ಕಾಂಗ್ರೆಸ್ ಪಕ್ಷ ಬೆಂಗಳೂರಿನಲ್ಲಿ ಏನು ಮಾಡಿತು? 2025ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಸಿದ್ಧಪಡಿಸಿದ ಸುಳ್ಳು ಸುದ್ದಿ ತಡೆ ಮಸೂದೆಯ ಕರಡು ಹೊರಬಂತು. ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ, ಸಚಿವರೇ ಮುಖ್ಯಸ್ಥರಾಗಿರುವ ಒಂದು ಪ್ರಾಧಿಕಾರ. ಟೀಕೆ ಬಂದ ಮೇಲೆ ಅದು ಕರಡು ಮಾತ್ರ ಎಂದರು. ಡಿಸೆಂಬರಿನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆ ಮಸೂದೆಗೆ ಗದ್ದಲದ ನಡುವೆಯೇ ಎರಡೂ ಸದನಗಳ ಒಪ್ಪಿಗೆ ಸಿಕ್ಕಿತು. ಮೊದಲ ಅಪರಾಧಕ್ಕೇ ಒಂದರಿಂದ ಏಳು ವರ್ಷ ಜೈಲು. ಆನ್‌ಲೈನ್ ಬರಹ ತೆಗೆಯಿರಿ ಎಂದು ಸೂಚಿಸುವ ಅಧಿಕಾರವನ್ನು ಅದು ಸರ್ಕಾರದ ಅಧಿಕಾರಿಗೆ ಕೊಡುತ್ತದೆ. ಕರಾವಳಿಯಲ್ಲಿ ದ್ವೇಷದ ಭಾಷಣಗಳು ಏನು ಮಾಡಿವೆ ಎಂದು ಬಲ್ಲವರಿಗೆ ಈ ಮಸೂದೆಯ ಉದ್ದೇಶ ಹಿಡಿಸುತ್ತದೆ. ನನಗೂ ಉದ್ದೇಶದ ಬಗ್ಗೆ ತಕರಾರಿಲ್ಲ. ಆದರೆ ಇಂದು ಒಬ್ಬರ ಕೈಗೆ ಕೊಟ್ಟ ಈ ಅಧಿಕಾರ ಮುಂದಿನ ಚುನಾವಣೆಯ ನಂತರ ಇನ್ನೊಬ್ಬರ ಕೈಯಲ್ಲಿರುತ್ತದೆ. ಯುಪಿಎ ಬರೆದ ಕಾನೂನನ್ನು ಎನ್‌ಡಿಎ ಹಿಗ್ಗಿಸಿಕೊಂಡದ್ದು ನಮ್ಮ ಕಣ್ಣೆದುರೇ ಇದೆ.

ಬರಹ ತೆಗೆಸುವುದು ಮೆಲ್ಲಗಿನ ಕ್ರಮ. ಕೇಸು ಹಾಕುವುದು ಗಟ್ಟಿಯಾದದ್ದು. 2020ರ ಜನವರಿಯಲ್ಲಿ ಬೀದರಿನ ಶಾಹೀನ್ ಶಾಲೆಯ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ಒಂದು ನಾಟಕ ಆಡಿದರು. ದಾಖಲೆ ಕೇಳಲು ಬರುವವರಿಗೆ ಚಪ್ಪಲಿ ತೋರಿಸುವ ಮಾತೊಂದು ಅದರಲ್ಲಿತ್ತು. ಶಾಲೆಯೊಳಗೆ ಆಡಿದ್ದು ಶಾಲೆಯಲ್ಲೇ ಉಳಿಯುತ್ತಿತ್ತೇನೋ, ಆದರೆ ಒಬ್ಬರು ಅದನ್ನು ಫೇಸ್‌ಬುಕ್ಕಿಗೆ ಹಾಕಿದರು. ದೂರು ಬಂತು, ರಾಜದ್ರೋಹದ ಕೇಸಾಯಿತು. ಮುಖ್ಯ ಶಿಕ್ಷಕಿ ಮತ್ತು ಒಂದು ಮಗುವಿನ ತಾಯಿ ಎರಡು ವಾರ ಜೈಲಿನಲ್ಲಿದ್ದರು. ಪ್ರಾಥಮಿಕ ಶಾಲೆಯ ಮಕ್ಕಳನ್ನು ಸಮವಸ್ತ್ರ ತೊಟ್ಟ ಪೊಲೀಸರು ಕೂರಿಸಿಕೊಂಡು ಪ್ರಶ್ನಿಸಿದರು. ಮಕ್ಕಳನ್ನು ಹಾಗೆ ಪ್ರಶ್ನಿಸಿದ್ದು ಕಾನೂನಿನ ಉಲ್ಲಂಘನೆ ಎಂದು ಹೈಕೋರ್ಟು 2021ರಲ್ಲಿ ಹೇಳಿತು, ರಾಜದ್ರೋಹದ ಕೇಸನ್ನು 2023ರ ಜೂನ್‌ನಲ್ಲಿ ರದ್ದು ಮಾಡಿತು. ಅಷ್ಟರಲ್ಲಿ ಮೂರು ವರ್ಷ ಕಳೆದಿತ್ತು. 2021ರ ಫೆಬ್ರವರಿಯಲ್ಲಿ ರೈತ ಚಳವಳಿ ಬೆಂಬಲಿಸುವ ಆನ್‌ಲೈನ್ ಕೈಪಿಡಿಯೊಂದನ್ನು ತಿದ್ದಿ ಹಂಚಿಕೊಂಡರೆಂದು ದೆಹಲಿ ಪೊಲೀಸರು ಬೆಂಗಳೂರಿಗೆ ಬಂದು ಪರಿಸರ ಕಾರ್ಯಕರ್ತೆ ದಿಶಾ ರವಿಯವರನ್ನು ಹಿಡಿದುಕೊಂಡು ಹೋದರು. ಹತ್ತು ದಿನಕ್ಕೆ ಜಾಮೀನು ಸಿಕ್ಕಿತು. ಇಂಥ ಕೇಸುಗಳಲ್ಲಿ ಶಿಕ್ಷೆಯಾಗುವುದು ಅಪರೂಪ. ಕೇಸು ನಡೆಯುವುದೇ ಶಿಕ್ಷೆ, ನೋಡಿದ ಉಳಿದವರು ಬಾಯಿ ಮುಚ್ಚಿಕೊಳ್ಳಲು ಅಷ್ಟು ಸಾಕು.

ಒಬ್ಬೊಬ್ಬರನ್ನು ಹುಡುಕುವ ಗೊಡವೆಯೇ ಬೇಡವೆಂದರೆ ಇಂಟರ್‌ನೆಟ್ ನಿಲ್ಲಿಸಿಬಿಡುವುದು. ಆಕ್ಸೆಸ್ ನೌ ಸಂಸ್ಥೆಯ ಲೆಕ್ಕದಲ್ಲಿ 2023ರಲ್ಲಿ ಭಾರತದಲ್ಲಿ 116 ಸಲ, 2024ರಲ್ಲಿ 84 ಸಲ ಹೀಗಾಯಿತು. ಕಾಶ್ಮೀರದಲ್ಲಿ 2019ರ ಆಗಸ್ಟಿನಲ್ಲಿ ಹೋದ 4ಜಿ ಮರಳಿ ಬಂದದ್ದು 2021ರ ಫೆಬ್ರವರಿಯಲ್ಲಿ. ಕೊರೊನಾ ಕಾಲದಲ್ಲಿ ಅಲ್ಲಿನ ಮಕ್ಕಳು 2ಜಿಯಲ್ಲಿ ಆನ್‌ಲೈನ್ ಪಾಠ ಕೇಳಬೇಕಾಯಿತು. ಮಂಗಳೂರಿನಲ್ಲಿ 2019ರ ಡಿಸೆಂಬರ್ 19ರ ಗೋಲಿಬಾರಿನಲ್ಲಿ ಇಬ್ಬರು ಸತ್ತ ರಾತ್ರಿ ಮೊಬೈಲ್ ಇಂಟರ್‌ನೆಟ್ ನಿಂತಿತು. ವದಂತಿ ತಡೆಯಲು ಎಂಬುದೇ ಎಲ್ಲ ಕಡೆಯ ಕಾರಣ. ಆದರೆ ಮಣಿಪುರ ನೋಡಿ. 2023ರ ಮೇ 4ರಂದು ಇಬ್ಬರು ಮಹಿಳೆಯರನ್ನು ಬೆತ್ತಲೆ ಮೆರವಣಿಗೆ ಮಾಡಿದರು. ಅದೇ ತಿಂಗಳು ಎಫ್‌ಐಆರ್ ಆಗಿತ್ತು, ಬಂಧನ ಆಗಿರಲಿಲ್ಲ. ಇಂಟರ್‌ನೆಟ್ ಬಂದ್ ಇದ್ದ ಆ ರಾಜ್ಯದಿಂದ ವಿಡಿಯೊ ಹೊರಬಂದದ್ದು ಜುಲೈ 19ರಂದು, ಬಂಧನ ಶುರುವಾದದ್ದು ಅದಾದ ಮೇಲೆ. ಎರಡೂವರೆ ತಿಂಗಳು ದೇಶಕ್ಕೆ ಆ ಸುದ್ದಿಯೇ ಇರಲಿಲ್ಲ. ನಿಲುಗಡೆಯ ಪ್ರತಿ ಆದೇಶವನ್ನೂ ಪ್ರಕಟಿಸಬೇಕು, ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ ಎಂದು ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರ ಜನವರಿಯಲ್ಲೇ ಹೇಳಿತ್ತು.

ಕಣ್ಗಾವಲಿನ ವಿಷಯದಲ್ಲಿ ಕರ್ನಾಟಕಕ್ಕೆ ತನ್ನದೇ ಇತಿಹಾಸವಿದೆ. ಫೋನ್ ಕದ್ದಾಲಿಕೆಯ ಆರೋಪಕ್ಕೆ ನೈತಿಕ ಹೊಣೆ ಹೊತ್ತು ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ಪದವಿ ಬಿಟ್ಟರು. 2021ರಲ್ಲಿ ಪೆಗಾಸಸ್ ಕುತಂತ್ರಾಂಶದ ಗೂಢಚರ್ಯೆಯ ಸುದ್ದಿ ಸ್ಫೋಟಗೊಂಡಾಗ, 2019ರಲ್ಲಿ ನಮ್ಮ ಮೈತ್ರಿ ಸರ್ಕಾರ ಉರುಳುವ ಹೊತ್ತಿನ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರ ಫೋನ್ ನಂಬರೂ ಸಂಭಾವ್ಯ ಗುರಿಗಳ ಪಟ್ಟಿಯಲ್ಲಿತ್ತು ಎಂದು ವರದಿಯಾಯಿತು. ಸುಪ್ರೀಂ ಕೋರ್ಟು ನಿವೃತ್ತ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ತನಿಖೆ ನಡೆಸಿತು. ಪರೀಕ್ಷಿಸಿದ 29 ಫೋನುಗಳ ಪೈಕಿ ಐದರಲ್ಲಿ ಕುತಂತ್ರಾಂಶ ಸಿಕ್ಕಿತು, ಅದು ಪೆಗಾಸಸ್ಸೇ ಎಂದು ಖಚಿತವಾಗಲಿಲ್ಲ. ಕೇಂದ್ರ ಸರ್ಕಾರ ತನಿಖೆಗೆ ಸಹಕರಿಸಲಿಲ್ಲ ಎಂದು ಸಮಿತಿ ಹೇಳಿದ್ದನ್ನು ಮುಖ್ಯ ನ್ಯಾಯಮೂರ್ತಿಗಳು ತೆರೆದ ಕೋರ್ಟಿನಲ್ಲೇ ಓದಿದರು. ಯಾರೂ ರಾಜೀನಾಮೆ ಕೊಡಲಿಲ್ಲ. ಹೆಗಡೆಯವರ ಕಾಲದಿಂದ ಇಲ್ಲಿಯವರೆಗೆ ನಮ್ಮ ಸಾರ್ವಜನಿಕ ಜೀವನ ಎಷ್ಟು ಕುಸಿದಿದೆ ಎಂದು ಯೋಚಿಸಿದರೆ ಸಂಕಟವಾಗುತ್ತದೆ.

ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ಪ್ರಕರಣಕ್ಕೆ ಕನ್ನಡಿಗರೊಬ್ಬರ ಹೆಸರಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಎಂಬತ್ತಾರರ ಆಸುಪಾಸಿನಲ್ಲಿದ್ದರು. ಸಂಸತ್ತಿನಲ್ಲಿ ಸರಿಯಾಗಿ ಚರ್ಚಿಸದೆ, ಕಾನೂನೇ ಇಲ್ಲದೆ ಒಂದು ಯೋಜನೆ ಪ್ರಜೆಗಳ ಬೆರಳಚ್ಚು ತೆಗೆದುಕೊಳ್ಳಬಹುದೇ ಎಂಬುದು ಅವರ ಸರಳ ಪ್ರಶ್ನೆಯಾಗಿತ್ತು. ಆ ತೀರ್ಪಿನ ಫಲವಾಗಿ ಬಂದ 2023ರ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ ಸರ್ಕಾರ ತನಗೆ ತಾನೇ ದೊಡ್ಡ ವಿನಾಯಿತಿ ಕೊಟ್ಟುಕೊಂಡಿದೆ. ಜೊತೆಗೆ ಮಾಹಿತಿ ಹಕ್ಕು ಕಾಯ್ದೆಯ ಒಂದು ಮುಖ್ಯ ಸಾಲನ್ನೂ ತಿದ್ದಿ, ವೈಯಕ್ತಿಕ ಮಾಹಿತಿ ಎಂಬ ನೆಪದಲ್ಲಿ ಅಧಿಕಾರಿಗಳ ವಿವರ ಮುಚ್ಚಿಡಲು ಅನುಕೂಲ ಮಾಡಿಕೊಂಡಿದೆ. ಖಾಸಗಿತನ ಬೇಕಾದದ್ದು ಪ್ರಜೆಗಳಿಗೆ, ದಕ್ಕಿದ್ದು ಕಚೇರಿಗಳಿಗೆ.

ಕಂಪನಿಗಳನ್ನು ನಾನು ಈ ಹೋರಾಟದ ನಾಯಕರೆಂದು ಎಣಿಸುವುದಿಲ್ಲ. ವ್ಯಾಪಾರಕ್ಕೆ ತೊಂದರೆಯಾಗದಷ್ಟು ದೂರ ಮಾತ್ರ ಅವು ನಮ್ಮ ಜೊತೆ ಬರುತ್ತವೆ. ಸರ್ಕಾರ ಬೆರಳು ತೋರಿಸಿದ ಕೂಡಲೇ ತೆಗೆದುಹಾಕುವುದು ಅವುಗಳಿಗೆ ಸುಲಭ, ಲಾಭವೂ ಹೌದು.

ಸಂಸತ್ತಾಗಲಿ ವಿಧಾನಸೌಧವಾಗಲಿ ಮಾಡಬೇಕಾದ ಕೆಲಸ ಅಂಥ ಕಷ್ಟದ್ದಲ್ಲ. ಬರಹ ತೆಗೆಸಿದರೆ ಬರೆದವರಿಗೆ ಆದೇಶದ ಪ್ರತಿ ಮತ್ತು ಕಾರಣ ತಲುಪಬೇಕು, ಅವರ ಮಾತನ್ನು ಸರ್ಕಾರದ ಹೊರಗಿನವರು ಕೇಳಬೇಕು. ದೇಶದ ಭದ್ರತೆಯ ನಿಜವಾದ ಗುಟ್ಟುಗಳನ್ನು ಬಿಟ್ಟು ಉಳಿದ ಆದೇಶಗಳನ್ನು ಎಲ್ಲರೂ ನೋಡುವಂತೆ ಪ್ರಕಟಿಸಬೇಕು. 2014ರಲ್ಲಿ ಕೇಂದ್ರವೇ ಒಪ್ಪಿದ ನೀತಿಯ ಪ್ರಕಾರ ಯಾವುದೇ ಮಸೂದೆಯ ಕರಡು 30 ದಿನ ಜನರ ಮುಂದಿರಬೇಕು. ನಮ್ಮ ರಾಜ್ಯದ ಸುಳ್ಳು ಸುದ್ದಿ ಮಸೂದೆಯ ಕರಡನ್ನು ನಾವು ಓದಿದ್ದು ಪತ್ರಿಕೆಗಳಿಂದ, ಸರ್ಕಾರದಿಂದಲ್ಲ. ನಿಮ್ಮ ಕ್ಷೇತ್ರದ ಶಾಸಕರು ಯಾವ ಪಕ್ಷದವರೇ ಇರಲಿ, ಮುಂದಿನ ಸಲ ಊರಿಗೆ ಬಂದಾಗ ಅವರನ್ನು ಕೇಳಿ: ಮಾತಿಗೆ ಸಂಬಂಧಪಟ್ಟ ಯಾವ ಮಸೂದೆಯನ್ನೂ ಕನ್ನಡದಲ್ಲಿ ಪ್ರಕಟಿಸಿ ನಮ್ಮ ಅಭಿಪ್ರಾಯ ಪಡೆಯದೆ ಸದನದಲ್ಲಿ ಕೈ ಎತ್ತುವುದಿಲ್ಲ ಎಂದು ಬರೆದು ಕೊಡುತ್ತೀರಾ?